ಶರಣುವಿನ ಎಡಗಾಲು

ದೆವ್ವ, ಶಕುನ, ಪವಾಡ ಎಂದು ಬಂದವರನ್ನು ನಾನು ಎಂದೂ ಕೂಡಿಸಿಕೊಂಡು ಮಾತಾಡಿಸಿದವನಲ್ಲ. ಚಿತ್ತಾಪುರದ ಶಾಲೆಯೊಂದರಲ್ಲಿ ಮೂವತ್ತಾರು ವರ್ಷ ಪಿ.ಟಿ. ಮಾಸ್ತರನಾಗಿದ್ದೆ. ನಿವೃತ್ತನಾದ ಮೇಲೂ ಏಳುವುದು ನಾಲ್ಕೂವರೆಗೆ, ಊಟ ಹನ್ನೆರಡಕ್ಕೆ. ಇಂಥ ಸಂಗತಿ ಬರೆಯಬೇಕಾಯಿತಲ್ಲ ಎಂದೇ ನನಗೆ ಸಿಟ್ಟು. ಆದರೆ ಮಂದಿ ತಮಗೆ ತೋಚಿದಂತೆ ಹೇಳಿಕೊಂಡು ತಿರುಗುತ್ತಿದ್ದಾರೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನನ್ನ ತಮ್ಮ ಶರಣಪ್ಪನಿಗೆ ಶಹಾಬಾದದಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಪಾಲಿಶ್ ಮಾಡುವ ಕೆಲಸ. ನನಗಿಂತ ಹತ್ತು ವರ್ಷ ಸಣ್ಣವನು. ಒಂದು ವರ್ಷ ನನ್ನ ಕೈಕೆಳಗೇ ಕಲಿತ. ‘ವಿಶ್ರಾಮ್’ ಎಂದರೆ ಎಡಗಾಲು ಪಕ್ಕಕ್ಕೆ ಸರಿಸಬೇಕು. ಅವನು ಬೇಕಂತಲೇ ಬಲಗಾಲು ಸರಿಸಿ ಇಡೀ ಸಾಲನ್ನು ನಗಿಸುತ್ತಿದ್ದ. ಎಷ್ಟು ಹೊಡೆದರೂ ಅಷ್ಟೇ.

ಅವನಿಗೆ ರಕ್ತದ ಕ್ಯಾನ್ಸರ್ ಆಯಿತು. ಹೈದರಾಬಾದಿನ ಆಸ್ಪತ್ರೆಯಲ್ಲಿ ನನ್ನ ರಕ್ತದಿಂದ, ಹೊಸ ರಕ್ತ ಹುಟ್ಟಿಸುವ ಕಾಂಡಕೋಶ ತೆಗೆದು ಅವನಿಗೆ ಕಸಿ ಮಾಡಿದರು. ಒಂದು ತಿಂಗಳು ಎಲ್ಲ ಸರಿಯಿತ್ತು. ಆಮೇಲೆ ಅಂಗೈ, ಅಂಗಾಲು ಕೆಂಪಾದವು. ಬೆನ್ನಿನ ಚರ್ಮ ಸುಲಿಯತೊಡಗಿತು, ಭೇದಿ ನಿಲ್ಲದಾಯಿತು. ಅಲ್ಲಿದ್ದ ಬೀದರ ಕಡೆಯ ಡಾಕ್ಟರು ನನ್ನನ್ನು ಕೂಡಿಸಿಕೊಂಡು ಹೇಳಿದರು: “ಮಾಸ್ತರ್ರೇ, ನಿಮ್ಮ ಕೋಶ ಭಾಳ ಶಿಸ್ತಿನವು ಅದಾವ್ರಿ. ನಿಮ್ಮ ತಮ್ಮನ ಮೈ ಪರಕೀಯ ಅಂತ ತಿಳಿದು ಹೊಡೀಲಿಕತ್ತಾವ.”

ಅವರು ನಕ್ಕು ಹೇಳಿದ್ದರು. ನನಗೆ ಮೈ ಉರಿದುಹೋಯಿತು. ತಮ್ಮನನ್ನು ಉಳಿಸಲು ಕೊಟ್ಟದ್ದೇ ಅವನನ್ನು ತಿನ್ನುತ್ತಿತ್ತು. ಸ್ಟಿರಾಯ್ಡ್ ಕೊಟ್ಟರೂ ಜಗ್ಗಲಿಲ್ಲ. ಉಳಿದದ್ದು ಒಂದೇ ದಾರಿ: ಗುರುತಿಲ್ಲದ ದಾನಿಯೊಬ್ಬನ ಮಜ್ಜೆಯಿಂದ ಬೆಳೆಸಿದ ಬೇರೊಂದು ಬಗೆಯ ಕಾಂಡಕೋಶ. ಸಿಟ್ಟಿಗೆದ್ದ ಕೋಶಗಳನ್ನು ಅವು ಸಮಾಧಾನ ಮಾಡುತ್ತವಂತೆ. ಕೆಲವರಿಗೆ ಹಿಡಿಸುತ್ತದೆ, ಕೆಲವರಿಗೆ ಇಲ್ಲ; ಹಿಡಿಸದಿದ್ದರೆ ಶರಣು ಉಳಿಯುವುದು ಕಷ್ಟ ಎಂದರು. ಆ ಕೋಶಗಳ ಚೀಲ ಮರುದಿನ ಬೆಳಿಗ್ಗೆ ಬರಬೇಕಿತ್ತು.

ಅಂದು ಮಧ್ಯಾಹ್ನ ಶರಣು ನೋವಿನ ಔಷಧದ ಮಂಪರಿನಲ್ಲಿ ಮಲಗಿದ್ದ. ಅವನ ಹೆಂಡತಿ ನಾಗಮ್ಮ ಸುಲಿದ ಬೆನ್ನಿಗೆ ಮುಲಾಮು ಹಚ್ಚಿ ಕೈ ಒರೆಸಿಕೊಳ್ಳುತ್ತಿದ್ದಳು. ನನ್ನ ಮುಖ ನೋಡದೆಯೇ ಅಂದಳು: “ಶಾಲಿ ತುಂಬ ಹುಡುಗ್ರನ್ನ ಅಂಜಿಸಿದವರು ನೀವು. ಈ ಕೋಶ ನಿಮ್ಮವೇ ಅಲ್ಲೇನ್ರಿ ಭಾವಾರೆ? ಇವಕ್ಕೊಂದು ಮಾತು ಹೇಳ್ಲಿಕ್ಕೆ ಆಗೋದಿಲ್ಲೇನು?”

ನನಗೆ ಏನಾಯಿತೋ ತಿಳಿಯದು. ಎದ್ದು ನಿಂತು, ಮೈದಾನದಲ್ಲಿ ಕೂಗುವ ದನಿಯಲ್ಲಿ ಕೂಗಿದೆ: “ಸಾಕು! ವಿಶ್ರಾಮ್!”

ಹೊದಿಕೆಯ ಕೆಳಗೆ ಶರಣುವಿನ ಎಡಗಾಲು ಒಂದು ಗೇಣು ಪಕ್ಕಕ್ಕೆ ಸರಿದು ನಿಂತಿತು. ಕಣ್ಣು ಮುಚ್ಚಿಯೇ ಇದ್ದವು. ನಾಗಮ್ಮ ಮುಲಾಮಿನ ಡಬ್ಬಿ ಕೆಡವಿದಳು. ನರ್ಸ್ ಓಡಿ ಬಂದು ನನ್ನನ್ನು ಗದರಿಸಿ ಹೊರಗೆ ಕಳಿಸಿದಳು. ಗಡಿಯಾರ ನೋಡಿ ಕಿಸೆಯ ಪುಸ್ತಕದಲ್ಲಿ ಬರೆದುಕೊಂಡೆ: ಮೂರು ನಲವತ್ತು. ಅದು ನನ್ನ ರೂಢಿ.

ಸಂಜೆಯಿಂದಲೇ ಭೇದಿ ಕಡಿಮೆಯಾಯಿತು. ಮರುದಿನ ಹತ್ತಕ್ಕೆ ಚೀಲ ಬಂತು, ಹನಿಹನಿಯಾಗಿ ಏರಿಸಿದರು. ಕೆಲವು ವಾರಗಳಲ್ಲಿ ಹೊಸ ಚರ್ಮ ಬಂತು, ಶರಣು ಉಳಿದ. ನನ್ನ ಪುಸ್ತಕ ತೋರಿಸಿ ಡಾಕ್ಟರನ್ನು ಕೇಳಿದೆ. ಹಿಂದಿನ ಔಷಧ ತಡವಾಗಿ ಹಿಡಿಸಿರಬಹುದು, ಮಂಪರಿನಲ್ಲಿ ಕಾಲು ಅಲುಗುವುದು ಸಹಜ ಎಂದರು. ಒಪ್ಪಿದೆ. ಎಚ್ಚರವಿದ್ದಾಗ ನನ್ನ ಆಜ್ಞೆಗೆ ಒಮ್ಮೆಯೂ ಸರಿಸದ ಎಡಗಾಲೇ ಏಕೆ ಎಂದು ಕೇಳಿದರೆ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು.

ನಾಗಮ್ಮನ ಬಾಯಿಂದ ಸುದ್ದಿ ಊರೂರು ಸುತ್ತಿತು. ಕೊಡ್ಲಿ ಎಂಬ ಊರಿನಿಂದ ಒಬ್ಬ ತಾಯಿಯನ್ನು ಕರೆದುಕೊಂಡು ನನ್ನ ಬಾಗಿಲಿಗೇ ಬಂದ. “ಗುರುಗಳೇ, ನಮ್ಮವ್ವನ ಮ್ಯಾಲೂ ಒಮ್ಮಿ ಚೀರ್ರಿ. ಕಿಡ್ನಿ ಹಾಕ್ಸೀವಿ, ಮೈ ತಗೋವಲ್ದು.” ಅವನಿಗೆ ಬೈದ ಬೈಗುಳ ಓಣಿಗೆಲ್ಲ ಕೇಳಿಸಿತು. ಗುಳಿಗೆ ತಪ್ಪಿಸಿದ್ದೀರೇನು ಎಂದು ಕೇಳಿದರೆ ತಲೆ ತಗ್ಗಿಸಿದ. ಅಂದೇ ಅವನನ್ನೂ ಅವನ ತಾಯಿಯನ್ನೂ ವಾಡಿಯಲ್ಲಿ ಹೈದರಾಬಾದಿನ ರೈಲು ಹತ್ತಿಸಿದೆ.

ಈ ಆಗಸ್ಟ್ ಹದಿನೈದಕ್ಕೆ ಹಳೆಯ ಶಾಲೆಯವರು ಕವಾಯತಿನ ಆಜ್ಞೆ ಕೊಡಲು ನನ್ನನ್ನು ಕರೆದರು. ಶರಣುವೂ ಬಂದು, ವಿಶ್ರಾಮ್‌ನಲ್ಲಿದ್ದ ಮಕ್ಕಳ ಸಾಲಿನ ಹಿಂದೆ, ಈ ಸಲ ಎಡಗಾಲನ್ನೇ ಸರಿಸಿ ನಿಂತ. “ಅಣ್ಣಾ, ಲಗೂ ಹೇಳು, ಬಿಸಲು ಭಾಳ ಅದ. ನಿನ್ನ ಹುಡುಗ್ರು ಒಳಗ ಸುಮ್ಮನಿದ್ದಾರ” ಎಂದು ಎದೆ ತಟ್ಟಿ ನಕ್ಕ.

ವಿಶ್ರಾಮ್ ಆದ ಮೇಲೆ ಬರುವ ಆಜ್ಞೆ ಸಾವಧಾನ್. ಮೂವತ್ತಾರು ವರ್ಷ ದಿನವೂ ಕೂಗಿದ್ದೇನೆ. ಅಂದು ಬಾಯಿ ತೆರೆದವನು, ಶರಣುವಿನ ಮೈಯೊಳಗಿನವೂ ಕೇಳಿ ಮತ್ತೆ ಎದ್ದು ನಿಂತರೆ ಎಂದು ಮುಚ್ಚಿದೆ. ಸೀಟಿಯನ್ನು ಹೊಸ ಮಾಸ್ತರನ ಕೈಗೆ ಕೊಟ್ಟೆ. ಅವನು ಕೂಗಿದ. ಮಕ್ಕಳ ಹಿಮ್ಮಡಿಗಳೆಲ್ಲ ಒಮ್ಮೆಲೇ ಕೂಡಿದವು. ನಾನು ಶರಣುವಿನ ಎಡಗಾಲನ್ನೇ ನೋಡುತ್ತಿದ್ದೆ. ಅದು ಕದಲಲಿಲ್ಲ. ಅವನು ಯಾವತ್ತಿನಂತೆ ಮೊಂಡಾಟ ಮಾಡಿದನೋ, ಆ ಕಾಲು ನನ್ನ ದನಿಗೇ ಕಾದಿತ್ತೋ, ಇಂದಿಗೂ ಹೇಳಲಾರೆ. ಕೂಗಿ ನೋಡುವ ಧೈರ್ಯವೂ ನನಗಿಲ್ಲ.