ಒಂದು ಲೋಟ ಬೂದಿ

ಊರಲ್ಲಿ ಯಾರ ಮನೆಯ ಒಲೆ ಕೆಮ್ಮಿದರೂ ಬೂದಿಯಕ್ಕನಿಗೇ ಕರೆ. ಚಳಿಗೆ ಮನೆ ಬೆಚ್ಚಗಿಡುವ ಪೆಲೆಟ್ ಒಲೆಗಳ ರಿಪೇರಿ ಅವಳ ಕಸುಬು. ಪೆಲೆಟ್ ಅಂದರೆ ಮರದ ಹೊಟ್ಟು ಒತ್ತಿ ಮಾಡಿದ ಗಿಡ್ಡ ಕಡ್ಡಿ. ಮೇಲಿನ ಡಬ್ಬಕ್ಕೆ ಸುರಿದರೆ ಒಲೆ ತಾನೇ ಇಷ್ಟಿಷ್ಟೇ ನುಂಗುತ್ತಾ ಉರಿಯುತ್ತೆ. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಊರಿನ ಒಲೆಗಳನ್ನೆಲ್ಲ ತಿಕ್ಕಿ ಬರುವವಳ ಸ್ವಂತ ಒಲೆ ಗಾಜಿಗೆಲ್ಲ ಮಸಿ ಬಳಿದುಕೊಂಡು ಕೂತಿತ್ತು. ಅಗ್ಗಕ್ಕೆ ಸಿಕ್ಕಿದ್ದನ್ನೆಲ್ಲ ಸುರಿದರೆ ಇನ್ನೇನಾಗುತ್ತೆ!

ಅತ್ತೆಗೆ ಸಿಟ್ಟು ಮೂಗಿನ ತುದಿಯಲ್ಲಿ, ಒರೆಸುವ ಬಟ್ಟೆ ಹೆಗಲ ಮೇಲೆ. ಒಂದು ಸಂಜೆ ಬಿಳಿ ಪರದೆಯ ಮೇಲೆ ಬೂದಿ ಕಂಡವರೇ, ಎದುರುಮನೆಯವರು ಕೂತಿದ್ದಾರೆ ಅಂತಲೂ ನೋಡದೆ ಗುಡುಗಿದರು: "ಎರಡು ದಿನಕ್ಕೆ ಒಂದು ಲೋಟಕ್ಕಿಂತ ಜಾಸ್ತಿ ಬೂದಿ ಬಿತ್ತೋ, ಭಾನುವಾರ ಈ ಒಲೆ ಗುಜರಿಗೆ! ಕರೆಂಟ್ ಹೀಟರ್ ಸಾಕು."

ಮರಗೆಲಸ ಬಿಟ್ಟಾಗಿನಿಂದ ಮಾವನ ಮಾತು ನಿಂತೇ ಹೋಗಿತ್ತು. ಸಂಜೆ ಆ ಗಾಜಿನ ಮುಂದೆ ಕುರ್ಚಿ ಎಳೆದುಕೊಂಡಾಗ ಮಾತ್ರ ನಾಲಿಗೆ ಬಿಚ್ಚುತ್ತಿತ್ತು. ಯಾರ ಮನೆಯ ಬಾಗಿಲು ಎಷ್ಟು ದಿನ ತಿಂದಿತು, ಯಾವ ಹೊಸ ಜೋಡಿಯ ಮಂಚ ಮೊದಲ ವಾರವೇ ಕಿರುಗುಟ್ಟಿತು, ಎಲ್ಲ ಹೊರಬರುತ್ತಿತ್ತು. ಒಲೆ ಹೋದರೆ ಮಾವನ ಮಾತೂ ಹೋಯಿತು ಅಂತ ಬೂದಿಯಕ್ಕನಿಗೆ ಗೊತ್ತಿತ್ತು.

ಮರುದಿನವೇ ಮೂರು ಬಗೆಯ ಚೀಲ ತಂದಳು. ತೊಗಟೆ ಬೆರೆತ ಕಪ್ಪನೆಯದು, ಕಂದು ಬಣ್ಣದ ಮಿಶ್ರಣ, ಬರೀ ತಿರುಳಿನ ಬಿಳಿಯದು. ಒಂದೊಂದನ್ನು ಎರಡೆರಡು ಸಂಜೆ ಉರಿಸೋದು, ಬೆಳಗ್ಗೆ ಏಳಕ್ಕೆ ಕೆಳಗಿನ ಟ್ರೇ ಎಳೆದು ಬೂದಿ ಅಳೆಯೋದು.

ಕಪ್ಪು ಚೀಲಕ್ಕೆ ಅರ್ಧ ಲೋಟ! ಬೂದಿಯಕ್ಕ ಕಣ್ಣುಜ್ಜಿಕೊಂಡಳು. ಊರವರ ಮನೆಯಲ್ಲಿ ಇದೇ ಪೆಲೆಟ್ ಬಕೆಟ್ ತುಂಬಿಸುತ್ತಿತ್ತು. ಕಂದು ಚೀಲಕ್ಕೂ ಅರ್ಧ ಲೋಟ, ಒಂದು ಚಿಟಿಕೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಗಾಜು ನೋಡಿದರೆ ಹೆಂಚಿನ ತಳದ ಹಾಗೆ ಕರ್ರಗೆ. ಅಯ್ಯೋ ಶಿವನೇ, ಇಷ್ಟು ಹೊಗೆಯಾಡಿದ ಒಲೆಯ ಬೂದಿ ಎತ್ತ ಹೋಯಿತು? ಇಪ್ಪತ್ತು ವರ್ಷದ ಅನುಭವಕ್ಕೇ ನಾಮ!

ಬಿಳಿ ಚೀಲದ ಅಳತೆಯ ದಿನ ಅವಳು ಐದಕ್ಕೇ ಎದ್ದು ಬಂದಳು. ಒಲೆಯ ಮುಂದೆ ಅತ್ತೆ ಮಂಡಿಯೂರಿ ಕೂತಿದ್ದರು. ಒಂದು ಕೈಯಲ್ಲಿ ಚಮಚ, ಪಕ್ಕದಲ್ಲಿ ಬಕೆಟ್.

"ಅತ್ತೆ! ಬೂದಿ ಕದೀತಿದ್ದೀರಾ?"

ಸಿಕ್ಕಿಬಿದ್ದರೂ ಅತ್ತೆ ಜಗ್ಗಲಿಲ್ಲ. "ಮೆಲ್ಲಗೆ ಮಾತಾಡು. ಎದುರುಮನೆಯವರ ಮುಂದೆ ಆಡಿಬಿಟ್ಟೆನಲ್ಲ, ಉಗುಳಿದ್ದನ್ನ ನುಂಗೋಕಾಗುತ್ತಾ? ಒಲೆ ಹೋದರೆ ನಿಮ್ಮ ಮಾವ ಮತ್ತೆ ಬಾಯಿಗೆ ಬೀಗ ಹಾಕ್ಕೋತಾರೆ. ಅದಕ್ಕೇ ದಿನಾ ಹೆಚ್ಚಿದ್ದನ್ನ ತೆಗೆದು ಗಿಡಕ್ಕೆ ಹಾಕಿದೆ." ಆಮೇಲೆ ಚಮಚ ಅಲ್ಲಾಡಿಸಿದರು. "ಇವತ್ತು ನೋಡೇ, ಇದರಲ್ಲಿ ಕದಿಯೋಕೇ ಏನೂ ಇಲ್ಲ!"

ಬೂದಿಯಕ್ಕ ಬಗ್ಗಿ ನೋಡಿದಳು. ಟ್ರೇಯಲ್ಲಿ ಎರಡು ದಿನಕ್ಕೆ ಬಿದ್ದದ್ದು ನಾಲ್ಕು ಚಮಚ, ಹಿಟ್ಟಿನಷ್ಟು ಬೆಳ್ಳಗೆ. ಒಂದು ಸಲ ಒರೆಸಿದರೆ ಗಾಜು ಫಳಫಳ. ಅತ್ತೆಯೂ ಸೊಸೆಯೂ ಬಾಯಿಗೆ ಸೆರಗು ಒತ್ತಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಭಾನುವಾರ ಎದುರುಮನೆಯವರ ಮುಂದೆಯೇ ಲೋಟ ಹಿಡಿದು ಅಳೆದದ್ದಾಯಿತು. ಕಾಲು ಲೋಟವೂ ಆಗಲಿಲ್ಲ. "ಹೂಂ, ಇರಲಿ ಬಿಡು," ಅಂತ ಅತ್ತೆ ದೊಡ್ಡ ಮನಸ್ಸು ಮಾಡಿದವರ ಹಾಗೆ ಮುಖ ತಿರುಗಿಸಿದರು. ಬೂದಿಯಕ್ಕ ಕೆಮ್ಮಿನ ನೆಪದಲ್ಲಿ ಅಡುಗೆಮನೆಗೆ ಓಡಿದಳು.

ಬಂದವರು ಹೋದ ಮೇಲೆ ಮಾವ ಎದ್ದು ಇನ್ನೊಂದು ಕುರ್ಚಿ ತಂದು ತಮ್ಮ ಕುರ್ಚಿಯ ಪಕ್ಕಕ್ಕೆ ಹಾಕಿದರು.

"ಇದು ಯಾರಿಗೆ?" ಅಂದರು ಅತ್ತೆ.

"ನಿಂಗೇ. ಒಂದು ವಾರದಿಂದ ಐದಕ್ಕೆ ಎದ್ದು ಬೂದಿ ತೆಗೀತಿದ್ದೀಯ, ಬಕೆಟ್ ಸದ್ದು ಕೇಳಿಸಲ್ವಾ ನಂಗೆ? ಇನ್ನು ತೆಗೆಯೋ ಕೆಲಸ ಇಲ್ಲ. ಸುಮ್ನೆ ಬಂದು ಕೂತ್ಕೋ."

ಅತ್ತೆ ಹೆಗಲ ಮೇಲಿನ ಬಟ್ಟೆ ತೆಗೆದು ಪಕ್ಕಕ್ಕಿಟ್ಟು ಕೂತರು.