ಕಾಗದದ ಅವ್ವ

ಹೋದ ತಿಂಗಳು ಒಂದು ಬೆಳಿಗ್ಗೆ ನನ್ನ ಸೊಸೆ ತಲೆಗೆ ಹಚ್ಚಿಕೊಳ್ಳಲೆಂದು ನೆನೆದ ಮೆಂತೆಯನ್ನು ಒರಳಿನಲ್ಲಿ ಅರೆಯುತ್ತಿದ್ದಳು. ನಾನು ಪಡಸಾಲೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದೆ. ಆ ಲೋಳೆ ಮೆಂತೆಯ ಕಹಿ ವಾಸನೆ ಮೂಗಿಗೆ ಬಂದದ್ದೇ ತಡ, ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. "ಯಾಕ್ರಿ ಅತ್ತಿ, ತಲಿ ತಿರಗಾಕತ್ತೇತೇನ್ರಿ?" ಎಂದಳು. ಹೌದೆಂದೆ. ವಯಸ್ಸಾದವರಿಗೆ ಇದೊಂದು ಅನುಕೂಲ, ಏನೇ ಆದರೂ ತಲೆ ತಿರುಗಿತೆಂದು ಹೇಳಿ ಪಾರಾಗಬಹುದು. ನಿಜವಾಗಿ ನನಗೆ ಆದದ್ದು ಹೆದರಿಕೆ. ಮೆಂತೆಗೆ ಹೆದರುವ ಮುದುಕಿಯನ್ನು ನೀವು ಕಂಡಿರಲಿಕ್ಕಿಲ್ಲ. ಈಗ ಕಂಡಂತಾಯಿತು, ಸ್ವಲ್ಪ ಹೊತ್ತು ಕುಳಿತುಕೊಳ್ಳಿ, ಹೇಳುತ್ತೇನೆ.

ನಾನು ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಬರೆಯುವಾಗ ತಪ್ಪಾದರೆ ಮನ್ನಿಸಬೇಕು. ನನ್ನ ತಮ್ಮ ಗುರುಪಾದ ಹಾಗಲ್ಲ, ಸವಣೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಇಂಗ್ಲಿಷ್ ಶಾಲೆ ಕಲಿಯುತ್ತಿದ್ದ. ನಮ್ಮೂರು ಸವಣೂರಿನಿಂದ ಬಂಕಾಪುರಕ್ಕೆ ಹೋಗುವ ದಾರಿಯಲ್ಲಿ ಒಳಗೆ ಸರಿದಿದ್ದ ಸಣ್ಣ ಹಳ್ಳಿ. ಅಪ್ಪನಿಗೆ ಎಲೆಬಳ್ಳಿಯ ತೋಟದ ಕೆಲಸ. ಅವ್ವ ಇರಲಿಲ್ಲ. ನನಗೆ ಹದಿನಾಲ್ಕು, ಗುರುಪಾದನಿಗೆ ಹತ್ತು ವರ್ಷವಿದ್ದಾಗ ಪ್ಲೇಗಿನಲ್ಲಿ ಹೋದಳು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದೆವು. ಬೇನೆ ಬಂದವರನ್ನು ಬೇರೆ ಗುಡಿಸಲಿನಲ್ಲಿ ಇಡುತ್ತಿದ್ದರು, ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಕೊನೆಗೆ ನಾವು ಕಂಡದ್ದು ಕಂಬಳಿ ಸುತ್ತಿದ ಒಂದು ಉದ್ದನೆಯ ಗಂಟು. ನಮ್ಮಂಥವರ ಮನೆಯಲ್ಲಿ ಫೋಟೋ ಎಲ್ಲಿಂದ ಬರಬೇಕು? ಅವ್ವನ ಮುಖ ಇದ್ದದ್ದು ನಮ್ಮ ಕಣ್ಣಿನಲ್ಲಷ್ಟೇ.

ಗುರುಪಾದನ ಕೈ ಸುಮ್ಮನಿರುತ್ತಿರಲಿಲ್ಲ. ಎಲೆಬಳ್ಳಿಯ ಒಣಬಳ್ಳಿ ತಿರುವಿ ನವಿಲು, ತೆಂಗಿನ ಚಿಪ್ಪಿನಲ್ಲಿ ಆಮೆ. ಒಮ್ಮೆ ನನ್ನನ್ನೂ ಮಾಡಿದ್ದ, ಬದನೆಕಾಯಿಯಲ್ಲಿ. ನಾನು ಸಿಟ್ಟಿನಿಂದ ಅದನ್ನು ಎಣ್ಣೆಗಾಯಿ ಮಾಡಿ ಅವನಿಗೇ ಬಡಿಸಿದೆ, ಅವನು ಚಪ್ಪರಿಸಿ ತಿಂದ. ಕಲ್ಲು ಕೊಳ್ಳುವ, ಲೋಹ ಕರಗಿಸುವ ಶಕ್ತಿ ನಮಗೆಲ್ಲಿತ್ತು? ಯುದ್ಧದ ದಿನಗಳು ಬೇರೆ, ಬರೆಯುವ ಕಾಗದಕ್ಕೇ ತತ್ವಾರ. ಅವನು ಮುಗಿದ ಕಾಪಿ ಪುಸ್ತಕಗಳನ್ನು ಗೆಳೆಯರಿಂದಲೂ ಬೇಡಿ ತಂದು ಕೂಡಿಸಿದ್ದ.

ಆ ವರ್ಷ ನಾನು ಹಾನಗಲ್ಲಿನ ಗಂಡನ ಮನೆಯಿಂದ ಬಾಣಂತನಕ್ಕೆ ತವರಿಗೆ ಬಂದಿದ್ದೆ. ಚೊಚ್ಚಲ ಕೂಸು ಹನ್ನೊಂದನೆಯ ದಿನಕ್ಕೇ ಹೋಗಿತ್ತು. ಇದು ಎರಡನೆಯದು. ಬೆಕ್ಕು ಅಡ್ಡ ಬಂದರೂ ಹೊಟ್ಟೆಯ ಮೇಲೆ ಕೈ ಹೋಗುತ್ತಿತ್ತು. ಗುರುಪಾದ ರಜೆಗೆ ಬಂದವನೇ ಕಾಪಿ ಪುಸ್ತಕಗಳನ್ನೆಲ್ಲ ಹರಿದು ಬಾನಿಯಲ್ಲಿ ನೆನೆಹಾಕಿದ. ಮೂರು ದಿನದ ಮೇಲೆ ಒನಕೆಯಿಂದ ಕುಟ್ಟಿ, ಮೆಂತೆ ಅರೆದು ಕಲೆಸಿದ. ಹೆಂಗಸರು ಕಾಗದದ ಮುದ್ದೆಯಿಂದ ಬುಟ್ಟಿ ಮೆತ್ತುವುದೂ ಹೀಗೆಯೇ. ಬುಟ್ಟಿ ಮಾಡುತ್ತಾನೆಂದು ನಾನು ನಕ್ಕೆ. ಅವನು ಮಾಡಿದ್ದು ಅವ್ವನನ್ನು.

ಮೊಳದುದ್ದದ ಗೊಂಬೆ. ಒಂದು ಮೊಣಕಾಲು ಮೇಲೆತ್ತಿ ರೊಟ್ಟಿ ಬಡಿಯುತ್ತ ಕುಳಿತವಳು, ಹೆಗಲ ಮೇಲಿಂದ ಹಿಂದಕ್ಕೆ ತಿರುಗಿ ನೋಡುತ್ತಿದ್ದಳು. ಅವಳ ಹಳೆಯ ಸೀರೆಯ ಅಂಚು ಹರಿದು ಸೆರಗು ಮಾಡಿದ್ದ. ಯಾಕೆ ಹಿಂದೆ ನೋಡುತ್ತಾಳೆಂದು ಕೇಳಿದೆ.

"ನಾ ಸಾಲಿಯಿಂದ ಬಂದು ಕರದೇನಿ, ಅದಕ್ಕ," ಎಂದ.

ಅಷ್ಟರವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಅವನು ಅಡಿಗೆಮನೆಯ ಗೋಡೆಯ ಬಿರುಕಿನಿಂದ ಕೂದಲ ಉಂಡೆಯೊಂದನ್ನು ತೆಗೆದ. ಆಗ ಹೆಂಗಸರು ತಲೆ ಬಾಚುವಾಗ ಉದುರಿದ ಕೂದಲನ್ನು ಬೆರಳಿಗೆ ಸುತ್ತಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಡುತ್ತಿದ್ದರು. ಸೂಜಿ ಮಾರುವವಳು ಬಂದರೆ ಕೂದಲಿಗೆ ಸೂಜಿ. ಅವ್ವ ಸಿಕ್ಕಿಸಿಟ್ಟ ಉಂಡೆ ಆರು ವರ್ಷ ಅಲ್ಲಿಯೇ ಉಳಿದಿತ್ತು. ಸತ್ತವರ ಕೂದಲು ಮುಟ್ಟಬಾರದೆಂದು ಅವನ ಕೈ ಹಿಡಿದೆ.

"ಸತ್ತಿಂದ ಉದರಿದ್ದಲ್ಲಕ್ಕಾ, ಇದ್ದಾಗ ಉದರಿದ್ದು," ಎಂದು ಅದನ್ನು ಬಿಡಿಸಿ ಗೊಂಬೆಯ ತಲೆಗೆ ಅಂಟಿಸಿ ತುರುಬು ಕಟ್ಟಿದ.

ಅಂದಿನಿಂದ ನಾನು ಆ ಗೊಂಬೆಯತ್ತ ನೇರವಾಗಿ ನೋಡಿದ್ದಿಲ್ಲ. ಅಡಿಗೆಮನೆಯ ಗೋಡೆಯೊಳಗಿನ ಮಾಡದಲ್ಲಿ ಒಣಗಲು ಇಟ್ಟಿದ್ದ. ಒಲೆಯ ಮುಂದೆ ಕೂತರೂ, ನೀರಿಗೆ ಎದ್ದರೂ ಬೆನ್ನ ಮೇಲೆ ಯಾರದೋ ದೃಷ್ಟಿ. ಮುಖ ಅಷ್ಟು ಹೋಲುತ್ತಿತ್ತು. ಶಾಲೆ ತೆರೆಯುವ ಹಿಂದಿನ ದಿನ ಅವನು ನನ್ನನ್ನು ಕರೆದು ಹೇಳಿದ ಮಾತು ಹೀಗಿತ್ತು: "ಒಳಗಿನ ಹಸಿ ಆರಾಕ ಇನ್ನೂ ಎಂಟತ್ತ ದಿನ ಬೇಕು. ಡ್ರಾಯಿಂಗ್ ಮಾಸ್ತರಿಗೆ ತೋರಸ್ತೇನಿ, ಬಂದು ಒಯ್ತೇನಿ. ನಿನ್ನ ಕೈಯಾಗ ಕೊಟ್ಟೇನಕ್ಕಾ. ಮತ್ತ ಮಾಡಂದ್ರ ನನ್ನ ಕೈಲೆ ಆಗೂದಿಲ್ಲ, ಆಕಿ ಮುಖಾ ಈಗಽ ಅರ್ಧ ಮರತೇನಿ." ನಾನು ಆಗಲೆಂದೆ.

ಅವನು ಹೋದ ನಾಲ್ಕನೆಯ ದಿನ ಮಾಡದ ಕೆಳಗೆ ಒಂದು ಇಲಿ ಸತ್ತು ಬಿದ್ದಿತ್ತು.

ಇಲಿ ಬೀಳುವುದೆಂದರೆ ಏನೆಂದು ಇಂದಿನವರಿಗೆ ಹೇಗೆ ತಿಳಿಸಲಿ? ಪ್ಲೇಗು ಬರುವ ಮುಂಚೆ ಮನೆಯ ಇಲಿಗಳು ಬೀಳುತ್ತವೆ. ಇಲಿ ಬಿತ್ತೆಂದರೆ ಕುದಿಯುತ್ತಿದ್ದ ಸಾರನ್ನು ಒಲೆಯ ಮೇಲೆಯೇ ಬಿಟ್ಟು ಮಂದಿ ಊರು ಬಿಡುತ್ತಿದ್ದರು. ಸುತ್ತಲ ಹಳ್ಳಿಗಳಲ್ಲಿ ಬೇನೆ ಇದೆಯೆಂದು ಸುದ್ದಿಯಿತ್ತು, ನಮ್ಮಲ್ಲಿ ಇನ್ನೂ ಇರಲಿಲ್ಲ. ಇಲಿಯನ್ನು ಚಿಮ್ಮಟದಲ್ಲಿ ಎತ್ತಿ ತಿಪ್ಪೆಯಲ್ಲಿ ಹೂತು ಯಾರಿಗೂ ಹೇಳಲಿಲ್ಲ. ಮರುದಿನ ಇನ್ನೊಂದು ಬಿತ್ತು, ಅದೇ ಜಾಗದಲ್ಲಿ. ಆಗ ಬೆಂಕಿ ಕೇಳಲು ಬಂದಿದ್ದ ನೆರೆಮನೆಯ ಫಕೀರವ್ವ ಅದನ್ನು ಕಂಡಳು. ಇಲಿಯನ್ನು ನೋಡಿದಳು, ಮಾಡವನ್ನು ನೋಡಿದಳು, ಗೊಂಬೆಯ ತಲೆಗೂದಲನ್ನು ನೋಡಿದಳು.

"ಬ್ಯಾನಿಯಾಗ ಹೋದಾಕಿನ್ನ ಮತ್ತ ಒಳಗ ಕರಕೊಂಡೀರಲ್ಲವ್ವಾ," ಎಂದಳು. "ಊರಾಗ ಎಲ್ಲಿ ಬಿದ್ದಾವ ಇಲಿ? ಆಕಿ ಪಾದದಾಗಽ ಬಿದ್ದಾವು. ನಿನ್ನ ಹೊಟ್ಟಿ ನೋಡ್ಕೋ."

ಸಂಜೆಯೊಳಗೆ ಊರಿಗೆಲ್ಲ ತಿಳಿಯಿತು. ಶುಕ್ರವಾರ ಮಾರಿಯನ್ನು ಗಡಿ ದಾಟಿಸುವುದು, ಆಮೇಲೆ ಊರು ಬಿಡುವುದು ಎಂದು ಹಿರಿಯರು ಗೊತ್ತು ಮಾಡಿದರು. ಸಣ್ಣ ಬಂಡಿಯೊಂದರಲ್ಲಿ ಹೆಣ್ಣುರೂಪವನ್ನು ಕೂಡಿಸಿ, ಉಡಿ ತುಂಬಿ, ಡೊಳ್ಳು ಬಡಿಯುತ್ತ ಮುಂದಿನ ಊರಿನ ಸೀಮೆಯಲ್ಲಿ ಬಿಟ್ಟು ಬರುವುದು ಪದ್ಧತಿ. ಆ ಊರಿನವರು ಅದರ ಮುಂದಿನ ಊರಿಗೆ ದಾಟಿಸುತ್ತಾರೆ. ಯಾವಾಗಲೂ ಕುಂಬಾರರು ಮಣ್ಣಿನ ರೂಪ ಮಾಡಿಕೊಡುತ್ತಿದ್ದರು. ಈ ಸಲ ನಮ್ಮ ಮನೆಯಲ್ಲಿ ಸಿದ್ಧವಾದ ರೂಪವಿರುವಾಗ ಬೇರೆ ಯಾಕೆ ಎಂದರು. ಅಪ್ಪ ಒಪ್ಪಲಿಲ್ಲ. ಅದು ಹುಡುಗನ ಕಾಗದದ ಗೊಂಬೆ, ಯಾರೂ ಮುಟ್ಟಕೂಡದು ಎಂದು ಹಿರಿಯರ ಎದುರಿಗೇ ಹೇಳಿದ. ಅಪ್ಪನ ಮಾತಿಗೆ ಬೆಲೆಯಿತ್ತು, ಅವರು ಕುಂಬಾರರ ರೂಪವೇ ಆಗಲೆಂದರು. ಶುಕ್ರವಾರ ಅಪ್ಪ ಹೊಲಕ್ಕೆ ಗುಡಿಸಲು ಹಾಕಲು ಹೋದ. ಇದನ್ನು ನೀವು ಮರೆಯಬೇಡಿ: ಯಾರೂ ಕೇಳಲು ಬರಲಿಲ್ಲ.

ಮಧ್ಯಾಹ್ನ ಬಂಡಿ ನಮ್ಮ ಓಣಿಗೆ ಬಂತು. ಡೊಳ್ಳಿನ ಸದ್ದಿಗೆ ಹೊಟ್ಟೆಯೊಳಗಿನ ಕೂಸು ಒಮ್ಮೆ ಜಾಡಿಸಿ ಒದೆದು ಸುಮ್ಮನಾಯಿತು. ಎಷ್ಟು ಹೊತ್ತಾದರೂ ಮತ್ತೆ ಅಲುಗಲಿಲ್ಲ. ನಾನು ಎದ್ದು ಗೊಂಬೆಯನ್ನು ಮೊರದಲ್ಲಿಟ್ಟು, ಅರಿಸಿನ ಕುಂಕುಮ ಹಚ್ಚಿ, ಹಸಿರು ಬಳೆ ಇಟ್ಟು, ಹೊರಗೆ ಒಯ್ದು ನನ್ನ ಕೈಯಾರೆ ಬಂಡಿಯಲ್ಲಿ ಮಣ್ಣಿನ ರೂಪದ ಪಕ್ಕಕ್ಕೆ ಕೂಡಿಸಿದೆ. ಮಾರಿಯ ಬೆನ್ನು ಊರಿನ ಕಡೆಗಿರಬೇಕು, ಮುಖ ಗಡಿಯ ಕಡೆಗೆ. ಹಾಗೆಯೇ ಕೂಡಿಸಿದೆ. ಆದರೆ ಅವ್ವ ಹಿಂದಕ್ಕೆ ತಿರುಗಿದ್ದಳಲ್ಲ, ನನ್ನನ್ನೇ ನೋಡುತ್ತಿದ್ದಳು. ಮಂದಿ ಹಿಂದೆ ಸರಿದರು. ಹೀಗೆ ಊರನ್ನು ನೋಡುತ್ತ ಹೋದರೆ ಮತ್ತೆ ಬರುತ್ತಾಳೆಂದು ಯಾರೋ ಅಂದರು.

ನಾನು ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕುತ್ತಿಗೆ ತಿರುವಿದೆ.

ಮುರಿಯುತ್ತದೆಂದುಕೊಂಡಿದ್ದೆ. ಮುರಿಯಲಿಲ್ಲ. ಒಳಗೆ ಇನ್ನೂ ಹಸಿಯಿತ್ತು. ಬದುಕಿದ್ದವರ ಕುತ್ತಿಗೆಯಂತೆ ಮೆತ್ತಗೆ ತಿರುಗಿತು. ಅವಳ ಕೂದಲು ನನ್ನ ಬೆರಳಿಗೆ ಸುತ್ತಿಕೊಂಡಿತು, ಬಿಡಿಸಿಕೊಂಡೆ. ಬಂಡಿ ಹೋಯಿತು.

ಒಂಬತ್ತು ದಿನದ ಮೇಲೆ ಗುಡಿಸಲಿನಲ್ಲಿ ನನಗೆ ಮಗಳು ಹುಟ್ಟಿದಳು, ಉಳಿದಳು. ನಮ್ಮೂರಲ್ಲಿ ಯಾರಿಗೂ ಬೇನೆ ಬರಲಿಲ್ಲ. ಮಾರಿ ಹೋದಳೆಂದು ಎಲ್ಲರೂ ಅಂದರು, ನಾನೂ ಅಂದೆ. ಸುದ್ದಿ ತಿಳಿದು ಗುರುಪಾದ ಓಡಿ ಬಂದ. ಮಂದಿ ಒಳಗೆ ನುಗ್ಗಿ ಕಸಿದುಕೊಂಡು ಹೋದರೆಂದು ಹೇಳಿದೆ. ನಂಬಿದ. ಅಪ್ಪನೂ ನಂಬಿದ, ಓಣಿಯವರು ಯಾರೂ ಬಸುರಿಯಾಗಿದ್ದವಳ ಮೇಲೆ ಬಾಯಿ ಬಿಡಲಿಲ್ಲ. ಗುರುಪಾದ ಗೊಂಬೆಯನ್ನು ಹುಡುಕುತ್ತ ಹೊರಟ. ಮುಂದಿನ ಊರಿನವರು ದಾಟಿಸಿದೆವೆಂದರು, ಅದರ ಮುಂದಿನವರೂ ಅದನ್ನೇ ಹೇಳಿದರು. ಬಂಕಾಪುರ ದಾಟಿ ಹಾನಗಲ್ಲ ದಾರಿ ಹಿಡಿದ. ಕಳಿಸಿದ ಮಾರಿಯನ್ನು ಹುಡುಕಿಕೊಂಡು ಬಂದವನನ್ನು ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ? ಒಂದು ಊರಿನ ಅಗಸಿ ಬಾಗಿಲಲ್ಲಿ ಕಲ್ಲು ತೂರಿದರು. ಮೂರನೆಯ ದಿನ ಹಣೆ ಒಡೆದುಕೊಂಡು ಬಂದ. ನಾನು ಗಾಯಕ್ಕೆ ಅರಿಸಿನ ಮೆತ್ತಿದೆ. ಆಗ ಹೇಳಬಹುದಿತ್ತು, ಹೇಳಲಿಲ್ಲ. ಗೊಂಬೆ ನನ್ನ ಗಂಡನ ಊರಿನ ದಾರಿ ಹಿಡಿದಿದೆ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು. ಮುಂದೆ ಎಷ್ಟೋ ವರ್ಷ ಹಾನಗಲ್ಲಿನ ಕೆರೆಗೆ ನೀರಿಗೆ ಹೋದಾಗ, ಅವಳು ಅಲ್ಲಿ ಕುಳಿತಿದ್ದರೆ ಎಂದು ದಂಡೆಯ ಕಡೆ ನೋಡದೆ ಕೊಡ ತುಂಬಿಕೊಂಡು ಬರುತ್ತಿದ್ದೆ.

ಗುರುಪಾದ ಕಲಿತು ಹಿರೇಕೆರೂರಿನಲ್ಲಿ ಡ್ರಾಯಿಂಗ್ ಮಾಸ್ತರನಾದ. ನನ್ನ ಮಗಳು ದೊಡ್ಡವಳಾದ ಮೇಲೆ ಒಮ್ಮೆ ಅವನ ಮನೆಗೆ ಹೋಗಿದ್ದೆ. ಕಾಗದದ ಮುದ್ದೆಗೆ ನೀಲಿ ಪುಡಿ ಕಲಸುತ್ತಿದ್ದ. ಏನೆಂದು ಕೇಳಿದೆ. ಮೈಲುತುತ್ತ, ಮೆಂತೆಯ ಆಸೆಗೆ ಇಲಿ ಬರುತ್ತವೆ, ಇದನ್ನು ಹಾಕಿದರೆ ತಿಂದು ಸಾಯುತ್ತವೆ ಎಂದ. ಅವ್ವನ ಗೊಂಬೆಗೂ ಹಾಕಿದ್ದೆನೆಂದ. ಆ ವರ್ಷ ನಮ್ಮೂರಿಗೆ ಪ್ಲೇಗು ಬಂದೇ ಇರಲಿಲ್ಲ. ಎರಡು ಇಲಿಗಳು ಮೆಂತೆಯ ಮುದ್ದೆ ತಿಂದು ಸತ್ತಿದ್ದವು, ಅಷ್ಟೇ.

ಅಂದೇ ಅವನು ಕೇಳಿದ, ಅವ್ವನ ಮೂಗು ಹೇಗಿತ್ತು, ಗದ್ದ ಹೇಗಿತ್ತು, ನೀನು ನನಗಿಂತ ದೊಡ್ಡವಳು, ನಿನಗೆ ನೆನಪಿರಬೇಕು ಎಂದು. ನಾನು ಕಣ್ಣು ಮುಚ್ಚಿದೆ. ಬಂದದ್ದು ಅವ್ವನ ಮುಖವಲ್ಲ, ನನ್ನ ಕೈಯಲ್ಲಿ ತಿರುಗಿದ ಆ ಹಸಿ ಕುತ್ತಿಗೆ. ಅದರಾಚೆ ಏನೂ ಕಾಣಲಿಲ್ಲ. ಹೆದರಿ ಬಾಯಿಗೆ ಬಂದದ್ದನ್ನು ಹೇಳಿದೆ: "ನನ್ನ ಹಂಗಽ ಇದ್ಲು." ಅವನು ನನ್ನನ್ನು ಕೂಡಿಸಿಕೊಂಡು ಎರಡು ದಿನ ನೋಡಿ ನೋಡಿ ಗೊಂಬೆ ಮಾಡಿದ. ಅದನ್ನು ದೇವರ ಜಗಲಿಯ ಪಕ್ಕದಲ್ಲಿಟ್ಟು ಹಾರ ಹಾಕಿದ. ಅವನ ಮಕ್ಕಳು ಪರೀಕ್ಷೆಗೆ ಹೋಗುವಾಗ ಅಜ್ಜಿಯೆಂದು ಅದಕ್ಕೆ ಕೈಮುಗಿದು ಹೋಗುತ್ತಿದ್ದರು. ನಾನು ಅಲ್ಲಿಗೆ ಹೋದಾಗಲೆಲ್ಲ ನನ್ನ ಮುಖಕ್ಕೆ ನಾನೇ ಕೈಮುಗಿದು ಬಂದಿದ್ದೇನೆ. ಇಂಥ ಪುಣ್ಯ ಯಾರಿಗೆ ಸಿಕ್ಕೀತು?

ಆ ಮೆಂತೆಯ ದಿನ ಇನ್ನು ತಡೆಯಲಾಗಲಿಲ್ಲ. ಮರುದಿನವೇ ಹಿರೇಕೆರೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬಸ್ಸು ಕೆಟ್ಟು ನಿಲ್ಲಲೆಂದು ದೇವರನ್ನು ಬೇಡಿಕೊಂಡೆ. ಎಂದೂ ತಪ್ಪದೆ ಕೆಡುವ ಬಸ್ಸು ಅಂದು ಸರಿಯಾದ ಹೊತ್ತಿಗೆ ಮುಟ್ಟಿಸಿತು. ಗುರುಪಾದ ಕಟ್ಟೆಯ ಮೇಲೆ ಕುಳಿತಿದ್ದ. ಕೈಕಾಲು ತೊಳೆಯುವ ಮೊದಲೇ ಎಲ್ಲ ಹೇಳಿದೆ. ಯಾರೂ ನುಗ್ಗಲಿಲ್ಲ, ನಾನೇ ಕೊಟ್ಟೆ, ನಾನೇ ಕುತ್ತಿಗೆ ತಿರುವಿದೆ, ಅವ್ವ ನನ್ನ ಹಾಗಿದ್ದಳೆಂದದ್ದೂ ಸುಳ್ಳು ಎಂದೆ.

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. ಆಮೇಲೆ ಕೇಳಿದ.

"ಮುರೀತೇನು?"

"ಇಲ್ಲೋ ತಮ್ಮಾ. ಒಳಗ ಹಸಿ ಇತ್ತು."

ತಲೆ ಆಡಿಸಿದ. ಮೆಲ್ಲಗೆ ಎದ್ದು ಒಳಗೆ ಹೋದ. ಬೈಯುತ್ತಾನೋ, ಗೊಂಬೆಯನ್ನು ತಂದು ಅಂಗಳಕ್ಕೆ ಎಸೆಯುತ್ತಾನೋ ಎಂದು ಹಿಂದೆಯೇ ಬಾಗಿಲಿಗೆ ಬಂದು ನಿಂತೆ. ಅವನು ಜಗಲಿಯ ಪಕ್ಕದ ಗೊಂಬೆಯ ಕೊರಳಿನಿಂದ ಹಾರವನ್ನು ತೆಗೆದ. ಒಣಗಿದ ಎಸಳುಗಳು ಉದುರಿದವು.

"ಬದುಕಿದ್ದವರಿಗೆ ಹಾಕಬಾರದು," ಎಂದ.

ಹಾರವನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಅದನ್ನು ಎಲ್ಲಿಡಬೇಕೆಂದು ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.