ಮೂಗು ಮೇಸ್ತ್ರಿಗೆ ಸಿಗದ ವಾಸನೆ

ನಮ್ಮ ಭಾವನನ್ನು ಊರೆಲ್ಲ ಕರೆಯುವುದು ಮೂಗು ಮೇಸ್ತ್ರಿ ಎಂದು. ಮೂಗೇನೂ ದೊಡ್ಡದಲ್ಲ, ನನ್ನದಕ್ಕಿಂತ ಚಿಕ್ಕದೇ. ಆದರೆ ಗ್ಯಾರೇಜಿನ ಮುಂದೆ ಕಾರು ಬಂದು ನಿಂತಿತೆಂದರೆ ಅದರ ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತು, ಕೊಳವೆಯ ಹೊಗೆಯನ್ನು ಅಂಗೈಯಿಂದ ಇತ್ತ ಬೀಸಿಕೊಂಡು ಮೂಸುತ್ತಾರೆ. "ಪೆಟ್ರೋಲ್ ಜಾಸ್ತಿ ಕುಡೀತಿದೆ" ಎನ್ನುತ್ತಾರೆ, "ಆಯಿಲ್ ಸುಡ್ತಿದೆ" ಎನ್ನುತ್ತಾರೆ, ಒಮ್ಮೊಮ್ಮೆ "ಕಾರಿಗೇನೂ ಆಗಿಲ್ಲ, ಓಡಿಸೋರಿಗೇ ಏನೋ ಆಗಿದೆ" ಎಂದೂ ಹೇಳಿಬಿಡುತ್ತಾರೆ. ಬಾನೆಟ್ ಎತ್ತಿ ನೋಡಿದರೆ ಅವರು ಹೇಳಿದ್ದೇ ಇರುತ್ತದೆ. ಅವರ ಗ್ಯಾರೇಜಿಗೂ ನನ್ನ ಟೈಲರ್ ಅಂಗಡಿಗೂ ನಡುವೆ ಅರ್ಧ ಗೋಡೆ. ಮೆಷಿನ್ ತುಳಿಯುತ್ತಲೇ ಅವರ ಕೆಲಸವೆಲ್ಲ ಕಾಣುತ್ತದೆ. ಅಕ್ಕನ ಗಂಡ ಎಂಬ ಸಲಿಗೆ ಬೇರೆ, ಹಾಗಾಗಿ ಅವರ ಕಾಲೆಳೆಯುವುದು ನನ್ನ ದಿನಚರಿಯಲ್ಲಿ ಸೇರಿಹೋಗಿದೆ.

ಮೂಗಿನಷ್ಟೇ ಅವರ ಬೆರಳಿಗೂ ಹೆಸರು. ಎಂಜಿನ್ನಿನ ತಲೆಯ ಮೇಲೊಂದು ಮುಚ್ಚಳವಿರುತ್ತದೆ. ಅದರ ಅಂಚಿನಲ್ಲಿ ಆಯಿಲ್ ಜಿನುಗದಂತೆ ಟ್ಯೂಬಿನ ಗಮ್ ಹಚ್ಚುತ್ತಾರೆ. ಬೇರೆಯವರು ಸಿಕ್ಕಷ್ಟು ಮೆತ್ತಿ ಕೈ ಒರೆಸಿಕೊಂಡರೆ, ಭಾವ ಬೆರಳ ತುದಿಯಲ್ಲಿ ಎಳೆಯುವ ಬೂದು ಗೆರೆ ನನ್ನ ಹೊಲಿಗೆಗಿಂತ ನೆಟ್ಟಗಿರುತ್ತದೆ. ಈ ಮಾತನ್ನು ಅವರೆದುರು ನಾನು ಯಾವತ್ತೂ ಆಡಿಲ್ಲ, ಆಡಿದರೆ ತಲೆಯ ಮೇಲೆ ಹತ್ತಿ ಕೂರುತ್ತಾರೆ.

ಅವರ ಮಗಳು ಟ್ಯಾಕ್ಸಿ ಓಡಿಸುತ್ತಾಳೆ. ಕಾರು ಸ್ವಂತದ್ದು, ಧೈರ್ಯವೂ ಸ್ವಂತದ್ದು, ಬಾಯಿ ಮಾತ್ರ ನಮ್ಮಕ್ಕನದು. ಆ ಕಾರಿನಲ್ಲಿ ಒಂದು ದಿನ ಎಂಜಿನ್ನಿನ ಹಳದಿ ದೀಪ ಹತ್ತಿಕೊಂಡಿತು. ಭಾವ ಹೊಗೆ ಮೂಸಿದರು, ಕಾರಿನ ದೋಷ ಓದಿ ಹೇಳುವ ಸ್ಕ್ಯಾನರನ್ನೂ ಹಾಕಿ ನೋಡಿದರು. ಆಕ್ಸಿಜನ್ ಸೆನ್ಸರ್ ಹೋಗಿತ್ತು. ಹೊಸದು ಹಾಕಿದರು, ದೀಪ ಆರಿತು. ಕೆಲವು ವಾರ ಕಳೆದು ಮತ್ತೆ ಹತ್ತಿತು. ಮಾಲು ಸರಿಯಿಲ್ಲವೆಂದು ಅಂಗಡಿಯವನಿಗೆ ಬೈದು ಇನ್ನೊಂದು ತಂದು ಹಾಕಿದರು. ಅದರ ಕಥೆಯೂ ಅಷ್ಟೇ ಆಯಿತು. ಅವಳ ಕಾರು ಬಂದಾಗಲೆಲ್ಲ, ಅವಳು ಕೇಳದಿದ್ದರೂ, ಮೇಲಿನ ಮುಚ್ಚಳ ಬಿಚ್ಚಿ, ಒರೆಸಿ, ಹೊಸದಾಗಿ ಗಮ್ ಹಚ್ಚಿ ಕಳಿಸುತ್ತಿದ್ದರು. ಬೇರೆ ಯಾರ ಕಾರಿಗೂ ಈ ಉಪಚಾರವಿರಲಿಲ್ಲ.

ಮೂರನೇ ಸಲ ಅವಳು ಬಂದಾಗ ಮುಖ ಕೆಂಪಗಿತ್ತು. ಬೆಳಿಗ್ಗೆ ಹೊಗೆ ಪರೀಕ್ಷೆಯಲ್ಲಿ ಕಾರು ಫೇಲಾಗಿತ್ತು. ಸಂಜೆಯೊಳಗೆ ಪಾಸಾಗದಿದ್ದರೆ ಮಾರನೆಯ ದಿನದಿಂದ ಟ್ಯಾಕ್ಸಿ ರಸ್ತೆಗಿಳಿಯುವಂತಿಲ್ಲ.

"ಅಪ್ಪ, ಇದೇ ಕೊನೆ ಸಲ. ಇದೂ ಸರಿ ಹೋಗ್ಲಿಲ್ಲ ಅಂದ್ರೆ ಇನ್ಮೇಲೆ ಬೇರೆ ಕಡೆ ತೋರಿಸ್ತೀನಿ. ನೀನು ಬೇಜಾರು ಮಾಡ್ಕೊಂಡ್ರೂ ಸರಿ."

ಭಾವ ಬಾನೆಟ್ ಎತ್ತಿದರು. ಊರಿನವರು ಕೀಲಿ ಕೈಗೆ ಕೊಟ್ಟು ಹಿಂತಿರುಗಿ ನೋಡದೆ ಹೋಗುತ್ತಾರೆ, ಹೆತ್ತ ಮಗಳು ಹೀಗೆಂದಳು. ಅವರ ಮುಖ ನೋಡಲಾರದೆ ನಾನು ಮೆಷಿನ್ ನಿಲ್ಲಿಸಿ ಗೋಡೆ ದಾಟಿ ಬಂದೆ.

ಎಂಜಿನ್ ಇನ್ನೂ ಬೆಚ್ಚಗಿತ್ತು. ಪೂರ್ತಿ ಆರಿದ ಮೇಲೆ, ಹೊಗೆ ಕೊಳವೆಯಲ್ಲಿ ಕಚ್ಚಿಕೊಂಡಿರುವ ಈ ಸೆನ್ಸರ್ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ, ಬಿಸಿಯಿದ್ದಾಗ ಹೋದರೆ ಕೈ ಸುಡುತ್ತದೆ. ಎರಡರ ನಡುವಿನ ಹೊತ್ತು ಭಾವನಿಗೆ ಗೊತ್ತು. ವೈರಿನ ಕೊಂಡಿ ಕಳಚಿದರು, ಬುಡಕ್ಕೆ ಎಣ್ಣೆ ಬಿಟ್ಟು ಕಾದರು, ವೈರು ಹಾಯುವಂತೆ ಪಕ್ಕದಲ್ಲಿ ಸೀಳಿರುವ ಸಾಕೆಟ್ ಪಾನಾ ಕೂರಿಸಿ ತಿರುಗಿಸಿದರು. ಕಿರ್ರೆಂದು ಬಿಟ್ಟುಕೊಂಡಿತು. ಹೆಬ್ಬೆರಳಷ್ಟು ಕಬ್ಬಿಣ, ಅದಕ್ಕೊಂದು ಬಾಲ.

"ಇಷ್ಟು ಪುಟಾಣಿ ಏನು ಮಾಡುತ್ತೆ ಭಾವ?"

"ಇದೂ ಮೂಸುತ್ತೆ ಕಣೋ. ಒಂದು ಮಗ್ಗುಲಲ್ಲಿ ಹೊರಗಿನ ಗಾಳಿ, ಇನ್ನೊಂದು ಮಗ್ಗುಲಲ್ಲಿ ಎಂಜಿನ್ ಬಿಟ್ಟ ಹೊಗೆ. ಹೊಗೇಲಿ ಆಮ್ಲಜನಕ ಎಷ್ಟು ಉಳೀತು ಅಂತ ಕ್ಷಣಕ್ಷಣಕ್ಕೂ ಚಾಡಿ ಹೇಳ್ತಿರುತ್ತೆ. ಅದನ್ನ ಕೇಳ್ಕೊಂಡೇ ಎಂಜಿನ್ ಎಷ್ಟು ಪೆಟ್ರೋಲ್ ಬೇಕೋ ಅಷ್ಟು ತಗೊಳ್ಳೋದು."

"ಅಷ್ಟು ಬಿಸೀಲಾ?"

"ಬಿಸಿಯಾದ್ರೇನೇ ಅದು ಕೆಲಸ ಮಾಡೋದು."

ನಾನು ಜೀವನವಿಡೀ ಅಳತೆ ತೆಗೆದವನು. ಎದುರಿಗೆ ನಿಂತ ಮನುಷ್ಯನ ಸೊಂಟವನ್ನೇ ಒಮ್ಮೊಮ್ಮೆ ತಪ್ಪಾಗಿ ಅಳೆಯುತ್ತೇನೆ. ಇದು ಕತ್ತಲ ಕೊಳವೆಯಲ್ಲಿ, ಕೆಂಡದಂಥ ಹೊಗೆಯಲ್ಲಿ ತಲೆಯಿಟ್ಟುಕೊಂಡು, ಕಣ್ಣಿಗೆ ಕಾಣದ ಗಾಳಿಯನ್ನು ಅಳೆದು ಹೇಳುತ್ತದಂತೆ! ಕೈಮುಗಿಯಬೇಕು ಎನಿಸಿತು, ಭಾವ ನಗುತ್ತಾರೆಂದು ಸುಮ್ಮನಾದೆ.

ಸೆನ್ಸರಿನ ತುದಿ ಬೆಳ್ಳಗಿತ್ತು. ಹಿಂದೆ ಬಿಚ್ಚಿದ ಎರಡನ್ನೂ ಭಾವ ಕಿಟಕಿಯ ಕಟ್ಟೆಯಿಂದ ತೆಗೆದು ಪಕ್ಕದಲ್ಲಿಟ್ಟರು. ಮೊದಲನೆಯದು, ಕಾರಿನ ಜೊತೆ ಬಂದದ್ದು, ಮಸಿ ಹಿಡಿದು ಕಪ್ಪಾಗಿತ್ತು. ತಾವು ಹಾಕಿದ್ದೆರಡೂ ಬಿಳಿ. ಮೂಸಿದರು, ಉಗುರಿನಿಂದ ಕೆರೆದು ಮತ್ತೆ ಮೂಸಿದರು. "ಏನೂ ಗೊತ್ತಾಗ್ತಿಲ್ಲ" ಎಂದರು. ಆ ಬಾಯಲ್ಲಿ ಈ ಮಾತು ನಾನು ಕೇಳಿದ್ದು ಅದೇ ಮೊದಲು.

ಮಗಳು ಕಾರಿನ ಬಾಗಿಲಿಗೆ ಒರಗಿದ್ದಳು. ಸಿಟ್ಟು ಇಳಿದು ಸುಸ್ತು ಉಳಿದಿತ್ತು. "ನಿನ್ನ ಹತ್ರ ಬಂದು ಹೋದ್ರೆ ಎರಡು ದಿನ ಕಾರೆಲ್ಲ ನಿನ್ನ ವಾಸನೆ ಅಪ್ಪ. ಖುಷಿಯಾಗಿರುತ್ತೆ. ಆಮೇಲೆ ಶುರು ಇದರ ಕಾಟ."

"ನನ್ನ ವಾಸನೆನಾ? ಎಂಥದ್ದು?"

"ಅದೇ, ಹುಳಿ ಹುಳಿ ವಾಸನೆ. ಚಿಕ್ಕೋಳಿದ್ದಾಗ ನೀನು ಎತ್ಕೊಂಡ್ರೆ ಬರ್ತಿತ್ತಲ್ಲ, ಅದು."

ಭಾವ ನನ್ನ ಕಡೆ ತಿರುಗಿದರು. "ನಿಂಗೂ ಬರುತ್ತಾ?"

"ನಿಮ್ಮ ಅಂಗಿ ರಿಪೇರಿಗೆ ಬಂದಾಗೆಲ್ಲ ಬರುತ್ತೆ. ಅಕ್ಕ ಸರಿಯಾಗಿ ಒಗೆದಿಲ್ಲ ಅಂದ್ಕೊಂಡಿದ್ದೆ."

ಅವರು ತಮ್ಮ ಬೆರಳು ಮೂಸಿಕೊಂಡರು. ಗಮ್ ಟ್ಯೂಬಿನ ಬಿರಡೆ ತೆಗೆದು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ನಾನು ಒಂದು ಮಾರು ದೂರದಲ್ಲಿದ್ದೆ, ನನ್ನ ಮೂಗಿಗೆ ಹುಳಿ ಘಾಟು ಹೊಡೆಯಿತು. ಅವರಿಗೆ ಮಾತ್ರ ಏನೂ ಬರಲಿಲ್ಲ. ವರ್ಷಾನುಗಟ್ಟಲೆ ಬೆರಳಿಗಂಟಿದ ಗಮ್ ಅದು, ಅದರ ವಾಸನೆ ಯಾವತ್ತೋ ಅವರ ಪಾಲಿಗೆ ಇಲ್ಲವಾಗಿತ್ತು.

ಭಾವ ಎದ್ದರು. ಮುಚ್ಚಳದ ಅಂಚಿನಿಂದ ಒಣಗಿದ ಗಮ್ಮಿನ ಎಳೆ ಕಿತ್ತು, ಸ್ಪ್ಯಾನರಿನ ತುದಿಯಲ್ಲಿಟ್ಟು ಬೆಂಕಿ ಹಚ್ಚಿದರು. ಅದು ಉರಿದು ಬಿಳಿ ಬೂದಿಯಾಯಿತು. ಬೂದಿಯನ್ನೂ ಸೆನ್ಸರನ್ನೂ ಬೆಳಕಿಗೆ ಹಿಡಿದರು. ಎರಡೂ ಒಂದೇ ಬಿಳಿ.

"ಸಲಸಲಕ್ಕೂ ಹೊಸದಾಗಿ ಹಚ್ಚಿದ ಗಮ್ ಒಣಗ್ತಾ ಆವಿ ಬಿಡುತ್ತೆ. ಮುಚ್ಚಳದ ಒಳಗಿನ ಆವಿ ಪೈಪಲ್ಲಿ ಎಂಜಿನ್‌ಗೇ ಹೋಗಿ ಸುಡುತ್ತೆ. ಸುಟ್ಟ ಬೂದಿ ಬಂದು ಇದರ ಮೂಗು ಮುಚ್ಚುತ್ತೆ." ಟೈರಿನ ಮೇಲೆ ಕುಸಿದು ಕೂತರು. "ಅಂಗಡಿಯವನನ್ನ ಬೈದೆ ಕಣೋ. ಕೊಂದೋನು ನಾನು."

ಹಲ್ಲು ಕಿಸಿಯಲು ಇಷ್ಟು ಒಳ್ಳೆಯ ಅವಕಾಶ ನನಗೆ ಮತ್ತೆ ಸಿಗಲಾರದು. ಆದರೂ ಮನಸ್ಸಾಗಲಿಲ್ಲ. ಮಗಳ ಕಾರೆಂದು ಯಾರಿಗೂ ಮಾಡದ್ದನ್ನು ಮಾಡಿದ್ದರು, ಅದೇ ಮುಳುವಾಗಿತ್ತು.

ನಾನೇ ಓಡಿಹೋಗಿ, ಗಮ್ಮಿನ ಬದಲು ಆ ಮುಚ್ಚಳದ ಅಂಚಿಗೆ ಕೂರುವ ರಬ್ಬರ್ ಗ್ಯಾಸ್ಕೆಟ್ಟನ್ನೂ ಹೊಸ ಸೆನ್ಸರನ್ನೂ ತಂದೆ. ಭಾವ ಗಮ್ಮನ್ನೆಲ್ಲ ಕೆರೆದು ತೆಗೆದು, ರಬ್ಬರನ್ನು ಏನೂ ಹಚ್ಚದೆ ಹಾಗೆಯೇ ಕೂರಿಸಿದರು. ಸೀಮೆಎಣ್ಣೆಯಲ್ಲಿ ಕೈ ತೊಳೆದರು, ಸೋಪಿನಲ್ಲಿ ತೊಳೆದರು. ಆಮೇಲೆ ಹೊಸ ಸೆನ್ಸರ್ ಮುಟ್ಟುವ ಮೊದಲು ಎರಡೂ ಕೈಗಳನ್ನು ಮಗಳ ಮುಂದೆ ಚಾಚಿದರು.

"ನೋಡಮ್ಮ, ಇನ್ನೂ ಇದೆಯಾ? ನಂಗೆ ತಿಳಿಯಲ್ಲ."

ಅವಳು ಆ ಕೈಗಳನ್ನು ಹಿಡಿದು ಮೂಸಿದಳು. "ಇದೆ." ಮತ್ತೆ ತೊಳೆದರು, ಮತ್ತೆ ಚಾಚಿದರು. ಊರೇ ನಂಬಿದ ಮೂಗನ್ನು ಪಕ್ಕಕ್ಕಿಟ್ಟು ಮಗಳ ಮೂಗನ್ನು ಹೀಗೆ ಕೇಳಿ ಪಡೆಯುತ್ತಿದ್ದ ಭಾವನನ್ನು ಕಂಡು, ಸೆನ್ಸರ್ ಕಂಡಾಗಿನದಕ್ಕಿಂತ ದೊಡ್ಡ ಬೆರಗು ನನಗಾಯಿತು. ಕೊನೆಗೆ ಅವಳು "ಇಲ್ಲಪ್ಪ" ಎಂದಳು.

ತುದಿಗೆ ಬೆರಳು ತಗಲದಂತೆ ಹಿಡಿದು, ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಸಾಕೆಟ್ಟಿನಲ್ಲಿ ಬಿಗಿ ಮಾಡಿದರು. ಎಂಜಿನ್ ಶುರುವಾಯಿತು. ಸ್ಕ್ಯಾನರಿನ ಪರದೆಯಲ್ಲಿ ಸೆನ್ಸರಿನ ಗೆರೆ ಸ್ವಲ್ಪ ಹೊತ್ತು ಸಪಾಟಾಗಿ ಮಲಗಿತ್ತು. ಸೆನ್ಸರ್ ಕಾದದ್ದೇ ಎದ್ದು ಮೇಲೆ ಕೆಳಗೆ, ಮೇಲೆ ಕೆಳಗೆ ಕುಣಿಯತೊಡಗಿತು. "ಮೂಸ್ತಿದೆ" ಎಂದರು ಭಾವ. ಸಂಜೆ ಕಾರು ಪಾಸಾಯಿತು.

ಎಷ್ಟೋ ತಿಂಗಳಾಯಿತು, ದೀಪ ಮತ್ತೆ ಹತ್ತಿಲ್ಲ. ಮೊನ್ನೆ ಅವಳು ಸುಮ್ಮನೆ ಗ್ಯಾರೇಜಿಗೆ ಬಂದಳು. ಭಾವ ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಕೈ ಬಾನೆಟ್ಟಿನ ತನಕ ಹೋಗಿ ಹಿಂದೆ ಬಂತು.

"ಎತ್ತಿ ನೋಡಲ್ವಾ ಅಪ್ಪ?"

"ಚೆನ್ನಾಗಿ ಓಡ್ತಿದೆಯಲ್ಲ. ನಾನ್ಯಾಕೆ ಕೈ ಹಾಕಲಿ?"

"ಈಗ ಕಾರಲ್ಲಿ ನಿನ್ನ ವಾಸನೆನೇ ಇಲ್ಲ" ಎಂದಳು. ಆಮೇಲೆ ಅವಳು ಮುಂದಿನ ಸೀಟಿನ ಬಾಗಿಲು ತೆಗೆದಳು. "ಬಾ, ನೀನೇ ಕೂತ್ಕೋ."

ಆ ಕಾರಿನ ಕೆಳಗೆ ಮಲಗಿದ್ದುಂಟು, ಮೇಲೆ ಬಾಗಿದ್ದುಂಟು. ಒಳಗೆ ಕೂತು ಎಲ್ಲಿಗೂ ಹೋದವರಲ್ಲ ಭಾವ. ಅಂಗಿಯಲ್ಲಿ ಕೈ ಒರೆಸಿಕೊಂಡು ಹತ್ತಿದರು. ರಸ್ತೆಯ ತಿರುವಿನಲ್ಲಿ ಕಾರು ಮರೆಯಾಗುವ ತನಕ ನಾನು ನೋಡುತ್ತಿದ್ದೆ. ಒಳಗಿನ ಗಾಳಿ ಆಚೆ ಹೋಗದಂತೆ ಅವಳು ತನ್ನ ಕಡೆಯ ಕಿಟಕಿಯ ಗಾಜನ್ನು ಮೇಲಕ್ಕೇರಿಸಿಕೊಳ್ಳುತ್ತಿದ್ದಳು.